ಕೊಬ್ಬರಿ ಎಣ್ಣೆ ಬಾಟಲಿ ನೋಡಿ, ಐಸಿಂಗ್ ಆರಿಸಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮನೆ ಬೇಕಿಂಗ್

ಪ್ರಶ್ನೆ: ನನ್ನ ಮಗನಿಗೆ ಹಾಲಿನ ಅಲರ್ಜಿ. ಏಪ್ರಿಲ್ ಕೊನೆಗೆ ಆರು ವರ್ಷ ತುಂಬುತ್ತದೆ. ಹೋದ ವರ್ಷ ‘ನಾನ್ ಡೈರಿ’ ಅಂತ ಬರೆದಿದ್ದ ವಿಪ್ಪಿಂಗ್ ಕ್ರೀಮ್ ತಂದು ನಾನೇ ಕೇಕ್ ಮಾಡಿದ್ದೆ. ಎರಡು ಚಮಚ ತಿಂದನೋ ಇಲ್ಲವೋ, ಮೈಯೆಲ್ಲ ಗಂಧೆ ಎದ್ದಿತು, ತುಟಿ ಊದಿತು. ಆಸ್ಪತ್ರೆಗೆ ಓಡಿದೆವು. ಈ ಸಲ ಅವನಿಗೆ ಕಬ್ಬು ತುಂಬಿದ ಟ್ರಾಕ್ಟರ್ ಕೇಕ್ ಬೇಕಂತೆ. ನಮ್ಮತ್ತೆ ಮೊಟ್ಟೆ ಮುಟ್ಟುವುದಿಲ್ಲ. ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲದೆ ಐಸಿಂಗ್ ಮಾಡಲು ಆಗುತ್ತಾ? ನನಗೆ ಕೈ ಹಾಕಲೇ ಭಯ.
ಒಬ್ಬ ತಾಯಿ, ಮಂಡ್ಯ

ಉತ್ತರ: ಖಂಡಿತ ಆಗುತ್ತದೆ ತಾಯಿ. ಟ್ರಾಕ್ಟರೂ ಬರುತ್ತದೆ, ಕಬ್ಬೂ ಬರುತ್ತದೆ. ಮೊದಲು ಹೋದ ವರ್ಷ ಏನಾಗಿರಬಹುದು ಅಂತ ಹೇಳುತ್ತೇನೆ. ಅದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

‘ನಾನ್ ಡೈರಿ’ ಅಂದರೆ ಹಾಲಿನ ಅಂಶವೇ ಇಲ್ಲ ಅಂತ ಅಲ್ಲ. ಅಂಗಡಿಯಲ್ಲಿ ಸಿಗುವ ಇಂಥ ಕ್ರೀಮ್‌ಗಳಲ್ಲಿ ಹಾಲಿನ ಕೊಬ್ಬಿನ ಬದಲು ತಾಳೆ ಕಾಳಿನ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಇರುತ್ತದೆ, ಅಷ್ಟೇ. ನೊರೆ ನಿಲ್ಲಲಿ ಅಂತ ಹಲವು ಕಂಪನಿಗಳು ಅದಕ್ಕೆ ಸೋಡಿಯಂ ಕೇಸಿನೇಟ್ ಸೇರಿಸುತ್ತವೆ. ಅದು ಹಾಲಿನ ಪ್ರೋಟೀನಿನಿಂದಲೇ ಮಾಡಿದ್ದು. ಅಲರ್ಜಿ ಬರುವುದು ಆ ಪ್ರೋಟೀನಿಗೇ. ನಿಮ್ಮ ತಪ್ಪೇನೂ ಇಲ್ಲ. ಹೆಸರು ನೋಡಿದರೆ ಯಾರಾದರೂ ನಂಬುತ್ತಾರೆ.

ಹಾಗಾಗಿ ಪೊಟ್ಟಣದ ಮುಂಭಾಗ ಬಿಡಿ, ಹಿಂಭಾಗ ಓದಿ. ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನ್, ಕೇಸಿನೇಟ್, ಬಟರ್ ಆಯಿಲ್, ಲ್ಯಾಕ್ಟೋಸ್, ಇವುಗಳಲ್ಲಿ ಒಂದು ಪದ ಕಂಡರೂ ವಾಪಸ್ ಇಟ್ಟುಬಿಡಿ. ಹಾಲು ಸೇರಿದ್ದರೆ ಅಲರ್ಜಿ ಸೂಚನೆಯಲ್ಲಿ ಅದನ್ನು ಬರೆಯಲೇಬೇಕು ಅನ್ನುವುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಹಸಿರು ಚುಕ್ಕಿಯನ್ನು ಮಾತ್ರ ನಂಬಬೇಡಿ. ಅದು ಸಸ್ಯಾಹಾರ ಅಂತ ಹೇಳುತ್ತದೆ, ಮತ್ತು ನಮ್ಮಲ್ಲಿ ಹಾಲು ಸಸ್ಯಾಹಾರವೇ. ‘ಹಾಲಿನ ಅಂಶ ಇರಬಹುದು’ ಅಂತ ಬರೆದಿರುವುದೂ ನಿಮ್ಮ ಮಗನಿಗೆ ಬೇಡ. ಒಂದೇ ಯಂತ್ರದಲ್ಲಿ ಹಾಲಿನ ಪದಾರ್ಥವೂ ತಯಾರಾಗಿರಬಹುದು ಅಂತ ಅದರ ಅರ್ಥ. ಡಾರ್ಕ್ ಚಾಕೊಲೇಟ್‌ನಲ್ಲಿ ಈ ಸಾಲು ತುಂಬಾ ಸಾಮಾನ್ಯ. ಅದಕ್ಕೇ ನಿಮಗೆ ಚಾಕೊಲೇಟ್ ಗಟ್ಟಿ ಕರಗಿಸುವ ಗನಾಶ್ ಹೇಳುತ್ತಿಲ್ಲ.

ಹಾಗಾದರೆ ಏನು ಮಾಡುವುದು? ಹಾಲುಬಾಯಿ ನೆನಪಿಸಿಕೊಳ್ಳಿ. ಅಕ್ಕಿ, ಕಾಯಿ, ಬೆಲ್ಲ ರುಬ್ಬಿ ಕೆದಕಿ ಕೆದಕಿ ತಟ್ಟೆಗೆ ಸುರಿದರೆ ಆರಿದ ಮೇಲೆ ನಿಲ್ಲುತ್ತದಲ್ವಾ? ಅದನ್ನು ನಿಲ್ಲಿಸುವುದು ಅಕ್ಕಿಯ ಗಂಜಿ. ಬೆಣ್ಣೆ ಹಾಕಿದ ಐಸಿಂಗ್ ಬಿಸಿಲಿಗೆ ಕರಗುತ್ತದೆ, ಆದರೆ ಗಂಜಿಯಿಂದ ಗಟ್ಟಿಯಾದದ್ದು ಕರಗುವುದಿಲ್ಲ. ಮಂಡ್ಯದ ಏಪ್ರಿಲ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಅರ್ಧ ಕಪ್ ಕೋಕೋ ಪುಡಿ, ಮುಕ್ಕಾಲು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು. ಇಲ್ಲಿ ಗಂಜಿಯ ಕೆಲಸ ಕಾರ್ನ್‌ಫ್ಲೋರ್‌ನದು. ಎಲ್ಲವನ್ನೂ ದಪ್ಪ ತಳದ ಪಾತ್ರೆಯಲ್ಲಿ ಒಣಗಿರುವಾಗಲೇ ಬೆರೆಸಿ. ಕೋಕೋ ಪೊಟ್ಟಣವನ್ನೂ ಓದಿಯೇ ತನ್ನಿ. ಕುಡಿಯುವ ಚಾಕೊಲೇಟ್ ಪುಡಿ ಬೇರೆ, ಅದು ಬೇಡ. ಒಂದೂವರೆ ಕಪ್ ಕಾಯಿಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ. ಶ್ಯಾವಿಗೆಗೆ ಮಾಡುವ ಕಾಯಿಹಾಲೇ, ಆದರೆ ಬೆಲ್ಲ, ಏಲಕ್ಕಿ ಹಾಕುವುದಕ್ಕೆ ಮುಂಚಿನದು. ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುಗಿಸಿ. ಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಒಮ್ಮೆಲೇ ತಳದಿಂದ ಗಟ್ಟಿಯಾಗುತ್ತಾ ಬರುತ್ತದೆ. ಗುಳ್ಳೆ ಬಂದ ಮೇಲೂ ಒಂದು ನಿಮಿಷ ಕುದಿಸಿ. ಇಲ್ಲದಿದ್ದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ, ಆರಿದ ಮೇಲೆ ನೀರೂ ಬಿಡುತ್ತದೆ. ಇಳಿಸಿ ಎರಡು ಚಮಚ ಕೊಬ್ಬರಿ ಎಣ್ಣೆ, ಅರ್ಧ ಚಮಚ ವೆನಿಲಾ ಹಾಕಿ ಕದಡಿ. ಎಣ್ಣೆಯಿಂದ ಹೊಳಪು ಬರುತ್ತದೆ. ಅಡುಗೆಗೆ ಬಳಸುವ ಎಣ್ಣೆಯೇ ಇರಲಿ, ತಲೆಗೆ ಹಚ್ಚುವ ಸುವಾಸನೆಯದ್ದು ಬೇಡ.

ಕೆನೆಗಟ್ಟದಂತೆ ಒಂದು ತುಂಡು ಬಾಳೆ ಎಲೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಐಸಿಂಗ್‌ಗೆ ಅಂಟುವಂತೆಯೇ ಮುಚ್ಚಿ. ಪೂರ್ತಿ ತಣ್ಣಗಾದ ಮೇಲೆ ಬೀಟರ್‌ನಲ್ಲಿ ಒಂದು ನಿಮಿಷ ಹೊಡೆದರೆ ನುಣುಪಾಗಿ ಹರಡುತ್ತದೆ. ಏಳು ಇಂಚಿನ ಕೇಕಿನ ಮೇಲೆ, ಸುತ್ತ ಎಲ್ಲಕ್ಕೂ ಇಷ್ಟು ಸಾಕು.

ಈಗ ಟ್ರಾಕ್ಟರ್. ಕಂದು ಬಣ್ಣದ ಈ ಐಸಿಂಗ್ ನೋಡಲು ಉತ್ತ ಹೊಲದ ಮಣ್ಣಿನಂತೆಯೇ ಇರುತ್ತದೆ. ಮುಳ್ಳುಚಮಚದಿಂದ ಉದ್ದಕ್ಕೆ ಗೆರೆ ಎಳೆಯಿರಿ, ನೇಗಿಲ ಸಾಲು ಆಯಿತು. ಮಗನ ಆಟದ ಟ್ರಾಕ್ಟರನ್ನು ಚೆನ್ನಾಗಿ ತೊಳೆದು ಒರೆಸಿ ಅದರ ಮೇಲೆ ನಿಲ್ಲಿಸಿ. ಟ್ರೈಲರ್‌ನಲ್ಲಿ ಬೆಂಕಿಕಡ್ಡಿ ದಪ್ಪಕ್ಕೆ ಸೀಳಿದ ನಿಜವಾದ ಕಬ್ಬನ್ನೇ ಪೇರಿಸಿ. ನಿಮ್ಮೂರಲ್ಲಿ ಕಬ್ಬಿಗೇನು ಬರ! ಕೇಕ್ ಕತ್ತರಿಸುವ ಮುಂಚೆ ಅದನ್ನು ತೆಗೆದುಬಿಡಿ, ಸಿಪ್ಪೆ ಚೂರು ಮಕ್ಕಳ ಗಂಟಲಿಗೆ ಸಿಗಬಾರದು.

ಒಳಗಿನ ಕೇಕನ್ನೂ ಮರೆಯಬೇಡಿ. ಮೊಟ್ಟೆ ಇಲ್ಲದ ಕೇಕ್ ಅಂದರೆ ಕಂಡೆನ್ಸ್ಡ್ ಮಿಲ್ಕ್ ಅಥವಾ ಮೊಸರು ಹಾಕುವುದೇ ನಮ್ಮಲ್ಲಿ ರೂಢಿ. ನಿಮಗೆ ಎರಡೂ ಆಗುವುದಿಲ್ಲ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಕಾಲು ಕಪ್ ಕೋಕೋ, ಒಂದು ಚಿಕ್ಕ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಜರಡಿ ಹಿಡಿಯಿರಿ. ಒಂದು ಕಪ್ ನೀರು, ಮೂರನೇ ಒಂದು ಕಪ್ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ ಬೇಗ ಕಲಸಿ ತಕ್ಷಣ ಓವನ್‌ಗೆ ಇಡಿ. 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಟಿನ್ನಿಗೆ ಎಣ್ಣೆ ಸವರಿ, ತುಪ್ಪ ಬೇಡ.

ಇನ್ನೊಂದು ಮಾತು. ಬೆಣ್ಣೆ ಕತ್ತರಿಸಿದ ಚಾಕು, ಮಜ್ಜಿಗೆ ಕಡೆದ ಬೀಟರ್, ಹಳೆಯ ಮರದ ಸೌಟು, ಇವುಗಳಲ್ಲಿ ಹಾಲಿನ ಅಂಶ ಉಳಿದಿರುತ್ತದೆ. ಆ ದಿನ ಮೊದಲು ಮಗನ ಕೇಕ್ ಮಾಡಿ, ಆಮೇಲೆ ಉಳಿದ ಅಡುಗೆ. ಮೇಕೆ ಹಾಲು ಆಗುತ್ತೆ, ನಾಟಿ ಹಸುವಿನ ಹಾಲು ಆಗುತ್ತೆ ಅಂತ ನೆಂಟರು ಹೇಳಬಹುದು. ಅವುಗಳಲ್ಲೂ ಹೆಚ್ಚುಕಡಿಮೆ ಅದೇ ಪ್ರೋಟೀನ್ ಇರುತ್ತದೆ, ಪರೀಕ್ಷೆ ಮಾಡಲು ಹೋಗಬೇಡಿ. ತುಟಿ ಊದಿದ ಮಗು ಅಂದ ಮೇಲೆ ಅಲರ್ಜಿಯ ಔಷಧಿ ಯಾವುದು, ಯಾವಾಗ ಕೊಡಬೇಕು ಅಂತ ಮಕ್ಕಳ ಡಾಕ್ಟರ್ ಹತ್ತಿರ ಬರೆಸಿಕೊಂಡು ಮನೆಯಲ್ಲಿ ಇಟ್ಟಿರಿ. ಉಸಿರಾಟಕ್ಕೆ ತೊಂದರೆಯಾದರೆ, ಮತ್ತೆ ಮತ್ತೆ ವಾಂತಿಯಾದರೆ, ಮಗು ಸುಸ್ತಾಗಿ ಬಿದ್ದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ತೆಂಗಿನ ಕ್ರೀಮ್ ಹಾಕಿ ಮಾಡಿದ ಕೇಕ್ ತುಂಬಾ ಚೆನ್ನಾಗಿ ಬಂದಿತ್ತು. ಅದೇ ಧೈರ್ಯದಲ್ಲಿ ಮಾರ್ಚ್‌ನಲ್ಲಿ ತಂಗಿ ಮಗಳ ನಾಮಕರಣಕ್ಕೂ ಮಾಡಿದೆ. ಮಧ್ಯಾಹ್ನ ಟೆರೇಸ್ ಮೇಲೆ ಶಾಮಿಯಾನದ ಕೆಳಗೆ ಇಟ್ಟಿದ್ದು, ಅರ್ಧ ಗಂಟೆಯಲ್ಲಿ ಕ್ರೀಮೆಲ್ಲ ತಟ್ಟೆಗೆ ಇಳಿಯಿತು. ಎಲ್ಲಿ ತಪ್ಪಿದೆ? ನನಗೆ ಬಿಳಿ ಐಸಿಂಗೇ ಬೇಕು.
ಕುವೆಂಪುನಗರ, ಮೈಸೂರು

ಉತ್ತರ: ನೀವು ಮಾಡಿದ ರೀತಿ ಸರಿಯೇ ಇದೆ. ಋತು ಬದಲಾಯಿತು, ಅಷ್ಟೇ. ನಿಮ್ಮ ಬಚ್ಚಲುಮನೆ ಕಿಟಕಿಯಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಡಿಸೆಂಬರ್ ಬೆಳಗ್ಗೆ ಗಟ್ಟಿಯಾಗಿ ಬೆಳ್ಳಗಿರುತ್ತದೆ, ಮಾರ್ಚ್‌ನಲ್ಲಿ ನೀರು. ಈ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಬೆಣ್ಣೆ 32ರಿಂದ 35ರವರೆಗೆ ತಡೆಯುತ್ತದೆ, ಚಾಕೊಲೇಟ್‌ನ ಕೊಬ್ಬು 34ರ ಹತ್ತಿರ. ತೆಂಗಿನ ಕ್ರೀಮ್ ಗಟ್ಟಿಯಾಗಿ ನಿಂತಿರುವುದು ಆ ಎಣ್ಣೆಯ ಬಲದಿಂದಲೇ. ಎಣ್ಣೆ ಕರಗಿದರೆ ಕ್ರೀಮೂ ಕೂರುತ್ತದೆ. ನನ್ನ ಕ್ಲಾಸಿಗೆ ಬರುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದೇ: ಬಾಟಲಿಯಲ್ಲಿ ಎಣ್ಣೆ ಗಟ್ಟಿ ಇದ್ದರೆ ತೆಂಗಿನ ಕ್ರೀಮ್ ಮಾಡಿ, ನೀರಾಗಿದ್ದರೆ ಬೇರೆ ದಾರಿ ನೋಡಿ.

ಬೇಸಿಗೆಗೆ ಬಿಳಿ ಬೇಕು ಅಂದರೆ ಕೊಬ್ಬೇ ಇಲ್ಲದ ಐಸಿಂಗ್ ಮಾಡಬೇಕು. ಮೊಟ್ಟೆ ಆಗುತ್ತದೆ ಅಂದರೆ ಕೆಲಸ ಸುಲಭ. ಎರಡು ಮೊಟ್ಟೆಯ ಬಿಳಿ, ಅರ್ಧ ಕಪ್ ಸಕ್ಕರೆ, ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು 71 ಡಿಗ್ರಿ ಮುಟ್ಟುವವರೆಗೆ ಕೈಯಾಡಿಸಿ, ಇಳಿಸಿ ಗಟ್ಟಿ ನೊರೆ ಬರುವವರೆಗೆ ಬೀಟ್ ಮಾಡಿ.

ಮೊಟ್ಟೆ ಬೇಡವಾದರೆ ಕಾಬೂಲಿ ಕಡಲೆ ಬೇಯಿಸಿದ ನೀರು. ಮೊದಲ ಸಲ ಕೇಳಿದವರು ನಂಬುವುದಿಲ್ಲ. 2014ರಲ್ಲಿ ಫ್ರಾನ್ಸಿನ ಗಾಯಕ ಜೊಯೆಲ್ ರೊಸೆಲ್ ಈ ನೀರು ಮೊಟ್ಟೆಯ ಬಿಳಿಯಂತೆ ನೊರೆ ಕಟ್ಟುತ್ತದೆ ಅಂತ ತೋರಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಅಕ್ವಾಫಾಬಾ ಅಂತ ಹೆಸರಿಟ್ಟರು. ಕಾಳಿನಿಂದ ನೀರಿಗೆ ಇಳಿದ ಪ್ರೋಟೀನು, ಗಂಜಿ ಸೇರಿ ಗಾಳಿಯನ್ನು ಹಿಡಿದಿಡುತ್ತವೆ.

ರಾತ್ರಿ ನೆನೆಸಿದ ಒಂದು ಕಪ್ ಕಡಲೆಯನ್ನು ಬೇರೆ ನೀರಿನಲ್ಲಿ, ಉಪ್ಪು ಹಾಕದೆ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ. ಕಾಳನ್ನು ಅದೇ ನೀರಿನಲ್ಲಿ ಆರಲು ಬಿಟ್ಟು, ಆಮೇಲೆ ಸೋಸಿ. ನೀರು ತೆಳ್ಳಗಿದ್ದರೆ ಮತ್ತೆ ಕುದಿಸಿ, ಬೆರಳಿಗೆ ಅಂಟುವಷ್ಟು ಗಟ್ಟಿ ಮಾಡಿ ಫ್ರಿಜ್‌ನಲ್ಲಿ ತಣ್ಣಗಾಗಿಸಿ. ಅರ್ಧ ಕಪ್ ಈ ನೀರಿಗೆ ಅರ್ಧ ಚಮಚ ನಿಂಬೆರಸ ಹಾಕಿ ಹತ್ತು ನಿಮಿಷ ಜೋರಾಗಿ ಬೀಟ್ ಮಾಡಿ. ಪಾತ್ರೆಯಲ್ಲಿ ಜಿಡ್ಡಿನ ಪಸೆಯೂ ಇರಬಾರದು. ಹೆಚ್ಚಿನವರಿಗೆ ಕೈಕೊಡುವುದು ಇಲ್ಲೇ. ಅಷ್ಟರಲ್ಲಿ ಮುಕ್ಕಾಲು ಕಪ್ ಸಕ್ಕರೆಗೆ ಕಾಲು ಕಪ್ ನೀರು ಹಾಕಿ ಪಾಕ ಇಟ್ಟಿರಿ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತಗೆ ಉಂಡೆಯಾಗಬೇಕು. ಆ ಬಿಸಿ ಪಾಕವನ್ನು ಬೀಟರ್ ಓಡುತ್ತಿರುವಾಗಲೇ ಪಾತ್ರೆಯ ಅಂಚಿನಿಂದ ಸಣ್ಣ ಧಾರೆಯಾಗಿ ಬಿಡಿ. ಸುಮ್ನೆ ಸಕ್ಕರೆ ಪುಡಿ ಹಾಕಿದರೂ ನೊರೆ ಬರುತ್ತದೆ, ಆದರೆ ಬೇಗ ನೀರು ಬಿಡುತ್ತದೆ. ಪಾಕ ಹಾಕಿದ್ದು ಜಾಸ್ತಿ ಹೊತ್ತು ತಡೆಯುತ್ತದೆ. ಹಾಗಂತ ಹಿಂದಿನ ದಿನವೇ ಹಚ್ಚಿಡಬೇಡಿ. ಕೇಕ್ ಕತ್ತರಿಸುವ ಒಂದೆರಡು ಗಂಟೆ ಮುಂಚೆ ಹಚ್ಚಿ. ಕಡಲೆಯ ವಾಸನೆ ಪೂರ್ತಿ ಹೋಗಲು ವೆನಿಲಾ ಸ್ವಲ್ಪ ಧಾರಾಳವಾಗಿಯೇ ಇರಲಿ. ಬೆಂದ ಕಾಳನ್ನು ರಾತ್ರಿ ಗೊಜ್ಜು ಮಾಡಿಕೊಳ್ಳಿ.

ಪ್ರಶ್ನೆ: ಐಸಿಂಗ್ ಸಕ್ಕರೆ ಬದಲು ನಮ್ಮ ಆಲೆಮನೆ ಬೆಲ್ಲ ಹಾಕಬಹುದಾ? ಕಾಯಿಹಾಲಿಗೆ ಹಾಕಿ ಕುದಿಸಿದೆ, ಒಡೆದುಹೋಯಿತು.
ಪಾಂಡವಪುರ

ಉತ್ತರ: ಹಾಕಬಹುದು, ಆದರೆ ಒಟ್ಟಿಗೆ ಕುದಿಸಬಾರದು. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ. ಪಾಯಸ ಇಳಿಸಿದ ಮೇಲೆ ಹಾಲು ಹಾಕುವುದು ಅದಕ್ಕೇ ತಾನೇ? ಬೆಲ್ಲಕ್ಕೆ ಇನ್ನೊಂದು ತೊಡಕು, ಅದು ತೇವ ಎಳೆಯುತ್ತದೆ. ಹಾಗಾಗಿ ನೊರೆ ಐಸಿಂಗ್‌ಗೆ ಬೇಡ, ಗೋಡಂಬಿ ಐಸಿಂಗ್‌ಗೆ ತುಂಬಾ ಚೆನ್ನ. ಒಂದು ಕಪ್ ಗೋಡಂಬಿಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಬಸಿಯಿರಿ. ಬೆಲ್ಲ ಕರಗಿಸಿ ಮಣ್ಣು ಸೋಸಿ, ಒಂದೆಳೆ ಪಾಕ ಮಾಡಿ ಆರಿಸಿ. ಆ ಪಾಕ ಮೂರನೇ ಒಂದು ಕಪ್, ಎರಡು ಮೂರು ಚಮಚ ಗಟ್ಟಿ ಕಾಯಿಹಾಲು, ಏಲಕ್ಕಿ ಹಾಕಿ ಬೆಣ್ಣೆಯಂತೆ ನುಣ್ಣಗೆ ರುಬ್ಬಿ. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಮೂರು ಗಂಟೆ ಫ್ರಿಜ್‌ನಲ್ಲಿಟ್ಟರೆ ಹಚ್ಚುವ ಹದ ಬರುತ್ತದೆ. ಬಣ್ಣ ಕಂದು, ರುಚಿ ಮಾತ್ರ ಒಬ್ಬಟ್ಟಿನ ಹೂರಣವನ್ನು ನೆನಪಿಸುತ್ತದೆ. ಗೋಡಂಬಿ ಅಲರ್ಜಿ ಇರುವವರೂ ಇದ್ದಾರೆ, ಬಂದವರನ್ನು ಕೇಳಿಯೇ ಬಡಿಸಿ.

ಪ್ರಶ್ನೆ: ಹಾಲು ಕುಡಿದರೆ ನಮ್ಮ ಮಾವನವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅವರಿಗೂ ಇಷ್ಟೆಲ್ಲ ಬೇಕಾ?
ಶ್ರೀರಂಗಪಟ್ಟಣ

ಉತ್ತರ: ಡಾಕ್ಟರ್ ಅದನ್ನು ಲ್ಯಾಕ್ಟೋಸ್ ತೊಂದರೆ ಅಂತ ಹೇಳಿದ್ದರೆ ಇಷ್ಟು ಬಿಗಿ ಬೇಡ. ಹಾಲಿನಲ್ಲಿರುವ ಸಕ್ಕರೆ ಅವರಿಗೆ ಜೀರ್ಣವಾಗುವುದಿಲ್ಲ, ಅದು ಅಲರ್ಜಿ ಅಲ್ಲ. ತುಪ್ಪದಲ್ಲಿ ಆ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ತುಪ್ಪ ಗಟ್ಟಿಯಾಗಿರುವಾಗ ಸಕ್ಕರೆ ಪುಡಿ ಸೇರಿಸಿ ಬೆಳ್ಳಗಾಗುವವರೆಗೆ ಬೀಟ್ ಮಾಡಿ, ಅವರಿಗೆ ಒಳ್ಳೆಯ ಐಸಿಂಗ್ ಆಗುತ್ತದೆ. ಆದರೆ ಮೇಲಿನ ಮಂಡ್ಯದ ಮಗುವಿನಂಥವರಿಗೆ ತುಪ್ಪದಲ್ಲಿ ಉಳಿಯುವ ಚೂರು ಪ್ರೋಟೀನೂ ಅಪಾಯ. ಇಬ್ಬರೂ ಒಂದೇ ಸಮಾರಂಭಕ್ಕೆ ಬರುತ್ತಿದ್ದರೆ ಎಲ್ಲರಿಗೂ ಕಾಯಿಹಾಲಿನ ಕೋಕೋ ಐಸಿಂಗನ್ನೇ ಮಾಡಿ, ತುಪ್ಪದ ಡಬ್ಬಿಯನ್ನು ಆ ದಿನ ಹೊರಗೆ ತೆಗೆಯಲೇಬೇಡಿ.