‘ಸಂಬಂಧಪಟ್ಟವರು’ ಅಂದರೆ ಯಾರು?

ಪೀಣ್ಯದ ಕಾರ್ಖಾನೆಯೊಂದರ ಶಿಫ್ಟ್ ಇನ್‌ಚಾರ್ಜ್ ಒಬ್ಬರ ಪತ್ರ: ‘ಟ್ರಾನ್ಸ್‌ಫಾರ್ಮರ್ ಕೆಲಸಕ್ಕೆ ಒಂದು ರಾತ್ರಿ ಕರೆಂಟ್ ತೆಗೆಯಬೇಕಿತ್ತು. ಎರಡು ದಿನ ಮೊದಲೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಆದರೂ ನೈಟ್ ಶಿಫ್ಟಿನ ಅರ್ಧ ಜನ ಬಂದು ಗೇಟಿನಲ್ಲಿ ನಿಂತರು, ಕ್ಯಾಂಟೀನಿನಲ್ಲಿ 60 ಊಟ ಮಿಕ್ಕಿತು, ನನಗೆ ಫೋನ್ ಮೇಲೆ ಫೋನ್. ಕನ್ನಡದಲ್ಲೇ ಬರೆದರೂ ಜನ ಯಾಕೆ ಓದುವುದಿಲ್ಲ?’ ಹಾಕಿದ್ದ ಸಂದೇಶ ಇದು: ‘ಎಲ್ಲರ ಗಮನಕ್ಕೆ ತರಬಯಸುವುದೇನೆಂದರೆ, ಟ್ರಾನ್ಸ್‌ಫಾರ್ಮರ್ ನಿರ್ವಹಣಾ ಕಾಮಗಾರಿಯ ಹಿನ್ನೆಲೆಯಲ್ಲಿ ಶನಿವಾರ ರಾತ್ರಿ 12ರಿಂದ ವಿದ್ಯುತ್ ಸ್ಥಗಿತಗೊಳಿಸಲಾಗುವುದು. ಸಂಬಂಧಪಟ್ಟವರು ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು.’

ಸಂಪಾದಕರ ಉತ್ತರ:

ಓದಿದ್ದಾರೆ ಸ್ವಾಮಿ. ಅಷ್ಟೊಂದು ಫೋನ್ ಬಂದದ್ದೇ ಓದಿದ್ದಕ್ಕೆ ಸಾಕ್ಷಿ. ಓದಿದ ಮೇಲೂ ತಾನೇನು ಮಾಡಬೇಕೆಂದು ತಿಳಿಯಲಿಲ್ಲ, ಅದಕ್ಕೇ ಕರೆದರು.

‘ಸಂಬಂಧಪಟ್ಟವರು’ ಎಂದಾಗ ಗ್ರೂಪಿನಲ್ಲಿರುವ ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡುತ್ತಾರೆ. ‘ಅಗತ್ಯ ಕ್ರಮ’ ಯಾವುದೆಂಬುದು ನಿಮ್ಮ ತಲೆಯಲ್ಲೇ ಉಳಿಯಿತು. ‘ಸ್ಥಗಿತಗೊಳಿಸಲಾಗುವುದು’ ಎಂಬುದು ಸರ್ಕಾರಿ ಸುತ್ತೋಲೆಯಿಂದ ಅಂಟಿದ ಚಾಳಿ. ಆ ‘ಲಾಗುವುದು’ ಬಂದ ಕಡೆಯೆಲ್ಲ ಕೆಲಸ ಮಾಡುವವನು ಮಾಯವಾಗುತ್ತಾನೆ. ನಿಮ್ಮ ಶಾಪ್ ಫ್ಲೋರಿನಲ್ಲಿ ‘ವಿದ್ಯುತ್ ಸ್ಥಗಿತವಾಯಿತು’ ಎಂದು ಕೂಗಿದವರನ್ನು ಕೇಳಿದ್ದೀರಾ? ‘ಕರೆಂಟ್ ಹೋಯ್ತು’ ಅನ್ನುತ್ತಾರೆ. ಹಾಗೇ ಬರೆಯಿರಿ.

ದೊಡ್ಡ ತಪ್ಪು ‘ಶನಿವಾರ ರಾತ್ರಿ 12’. ಶುಕ್ರವಾರ ಕಳೆದು ಬರುವ 12ರೋ, ಶನಿವಾರ ಕಳೆದು ಬರುವ 12ರೋ? ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುವವನಿಗೆ ಒಂದೇ ಶಿಫ್ಟಿನಲ್ಲಿ ಎರಡು ತಾರೀಕು. 12 ಎಂದು ಬರೆಯಲೇಬೇಡಿ. 11:45 ಎನ್ನಿ, ತಾರೀಕು ಸೇರಿಸಿ. ‘ನಾಳೆ’, ‘ನಾಡಿದ್ದು’ ಕೂಡ ಬೇಡ. ಸಂದೇಶ ಫಾರ್ವರ್ಡ್ ಆಗಿ ಇನ್ನೊಬ್ಬನ ಕೈಸೇರುವ ಹೊತ್ತಿಗೆ ‘ನಾಳೆ’ ನಿನ್ನೆಯಾಗಿರುತ್ತದೆ.

ಇನ್ನು, ನಾಲ್ಕು ಬಗೆಯ ಓದುಗರಿಗೆ ಒಂದೇ ಸಂದೇಶ ಸಾಲದು. ಆಪರೇಟರುಗಳಿಗೆ ಟ್ರಾನ್ಸ್‌ಫಾರ್ಮರ್ ಪುರಾಣ ಬೇಕಿಲ್ಲ. ಅವರಿಗೆ ಬೇಕಾದದ್ದು ಎರಡೇ: ಬರಬೇಕಾ? ಸಂಬಳ ಕಟ್ಟಾಗುತ್ತಾ? ಎರಡನೆಯದನ್ನು ನೀವು ಮುಟ್ಟಲೇ ಇಲ್ಲ. ಹೆಚ್ಚಿನ ಫೋನ್ ಅದಕ್ಕೇ ಬಂದಿರಬೇಕೆಂದು ನಮ್ಮ ಊಹೆ. ಮೊದಲು ಎಚ್‌ಆರ್‌ನವರನ್ನು ಕೇಳಿ ಖಚಿತ ಮಾಡಿಕೊಂಡು ಹೀಗೆ ಬರೆಯಬಹುದಿತ್ತು:

‘14ನೇ ತಾರೀಕು ಶನಿವಾರ ರಾತ್ರಿ 10ರ ಶಿಫ್ಟ್ ಇಲ್ಲ. ಕರೆಂಟ್ ಇರುವುದಿಲ್ಲ. ಸಂಬಳ ಕಟ್ ಆಗುವುದಿಲ್ಲ. 15ನೇ ತಾರೀಕು ಭಾನುವಾರ ಬೆಳಿಗ್ಗೆ 6ರ ಶಿಫ್ಟ್ ಎಂದಿನಂತೆ. ಶನಿವಾರ ಸೆಕೆಂಡ್ ಶಿಫ್ಟಿನವರು ಹೊರಡುವ ಮುಂಚೆ ನಿಮ್ಮ ಮಷೀನಿನ ಮೇನ್ ಸ್ವಿಚ್ ಆಫ್ ಮಾಡಿ.’

ಕೊನೆಯ ಸಾಲೇ ನಿಮ್ಮ ‘ಅಗತ್ಯ ಕ್ರಮ’. ಸ್ವಿಚ್ ಹಾಗೇ ಬಿಟ್ಟರೆ ಕರೆಂಟ್ ಬಂದೊಡನೆ ಕೆಲವು ಮಷೀನು ತಾನಾಗಿ ಓಡಲು ಶುರುಮಾಡಬಹುದು. ಈ ಮಾತು ಅರ್ಥವಾಗದೆ ಉಳಿದರೆ ಯಾರದೋ ಕೈಬೆರಳು ಹೋದೀತು. ಹಾಗಾಗಿ ಅದನ್ನು ಸೆಕೆಂಡ್ ಶಿಫ್ಟಿನವರಿಗೆ ಬಾಯಲ್ಲೂ ಹೇಳಿ. ಕನ್ನಡ ಓದಲು ಬಾರದವರಿದ್ದರೆ ಅವರ ಭಾಷೆ ಬಲ್ಲ ಸಹೋದ್ಯೋಗಿಯಿಂದ 20 ಸೆಕೆಂಡಿನ ವಾಯ್ಸ್ ಮೆಸೇಜ್ ಹಾಕಿಸಿ.

ಕ್ಯಾಂಟೀನಿನವರಿಗೆ ಬೇರೆಯೇ ಸಂದೇಶ: ‘ಶನಿವಾರ ರಾತ್ರಿ 60 ಊಟ ಬೇಡ. ಮೆಂಟೆನೆನ್ಸಿನವರಿಗೆ 8 ಊಟ, 9:30ಕ್ಕೆ.’ ಅವರು ಅಕ್ಕಿ ಅಳೆಯುವ ಮುಂಚೆ ಇದು ಮುಟ್ಟಬೇಕು. ಗೇಟಿನ ಸೆಕ್ಯುರಿಟಿಗೆ ಒಳಗೆ ಬಿಡಬೇಕಾದ 8 ಜನರ ಹೆಸರು ಸಾಕು. ಮ್ಯಾನೇಜರಿಗೆ ಕೇಳಬೇಕಾದದ್ದನ್ನೇ ಮೊದಲ ಸಾಲಿಗೆ ತನ್ನಿ: ‘ಸರ್, ಶನಿವಾರ ರಾತ್ರಿ ಜನರೇಟರ್ ಓಡಿಸಲು ಗುರುವಾರ ಸಂಜೆ 4ರೊಳಗೆ ನಿಮ್ಮ ಒಪ್ಪಿಗೆ ಬೇಕು.’ ಕಾರಣ, ಡೀಸೆಲ್ ಲೆಕ್ಕ ಅದರ ಕೆಳಗಿರಲಿ.

ಮೊದಲ ಸಾಲು ಅಂದದ್ದಕ್ಕೆ ಕಾರಣವಿದೆ. ಫೋನ್ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ನಿಮ್ಮದರಲ್ಲಿ ಆ ಜಾಗವನ್ನು ‘ಗಮನಕ್ಕೆ ತರಬಯಸುವುದೇನೆಂದರೆ’ ತಿಂದುಹಾಕಿತು.

ಸಮಯ ಬದಲಾದರೆ ಹಳೆಯ ಮೆಸೇಜನ್ನು ಎಡಿಟ್ ಮಾಡಬೇಡಿ. ವಾಟ್ಸ್‌ಆ್ಯಪ್ 15 ನಿಮಿಷದೊಳಗೆ ತಿದ್ದಲು ಬಿಡುತ್ತದೆ, ನಿಜ. ಆದರೆ ತಿದ್ದಿದ್ದಕ್ಕೆ ಹೊಸ ನೋಟಿಫಿಕೇಶನ್ ಹೋಗುವುದಿಲ್ಲ. ಆಗಲೇ ಓದಿ ಫೋನ್ ಜೇಬಿಗಿಟ್ಟವನು ಹಳೆಯ ಸಮಯಕ್ಕೇ ಬರುತ್ತಾನೆ. ‘ಬದಲಾವಣೆ: 11:45 ಅಲ್ಲ, 10:30’ ಎಂದು ಹೊಸದಾಗಿ ಹಾಕಿ. ಆಮೇಲೆ ನಿಮ್ಮ ಮೆಸೇಜನ್ನು ಒತ್ತಿಹಿಡಿದು ‘ಇನ್ಫೋ’ ತೆರೆದರೆ ಯಾರು ಯಾರು ಓದಿದ್ದಾರೆಂದು ಹೆಸರು ಸಮೇತ ಸಿಗುತ್ತದೆ. ಓದದವರಿಗಷ್ಟೇ ನೀವಾಗಿ ಫೋನ್ ಮಾಡಿ.