ಒಂದೇ ಮಳೆ, ಎರಡು ಕಂಠ

ಇಪ್ಪತ್ತೆರಡು ವರ್ಷ ಚೆನ್ನೈನ ಸ್ಟುಡಿಯೊಗಳಲ್ಲಿ ಕೀಬೋರ್ಡ್ ಪ್ರೋಗ್ರಾಮಿಂಗ್ ಮತ್ತು ವಾದ್ಯಸಂಯೋಜನೆಯ ಕೆಲಸ ಮಾಡಿ, ಈಗ ಬೆಂಗಳೂರಿನಲ್ಲಿ ಪಾಠ ಹೇಳಿಕೊಂಡಿರುವ ನನಗೆ ಹೊಸ ತಮಿಳು ಚಿತ್ರಗೀತೆಗಳ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಅವೇ ಐದಾರು ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದು ಸಾಕಾಗಿರುವುದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪಲ್ಲವಿ ಯಾವುದು, ಚರಣ ಯಾವುದು, ಇಂಟರ್‌ಲ್ಯೂಡ್ ಎಂದರೇನು ಎಂಬುದನ್ನೆಲ್ಲ ವಿವರಿಸಲು ಹೋಗುವುದಿಲ್ಲ.

ಪ್ರಶ್ನೆ: ಹೊಸ ಹಾಡುಗಳನ್ನು ಕೇಳಲು ಯಾವ ಹೆಡ್‌ಫೋನ್ ಕೊಳ್ಳಬೇಕು?

ಉತ್ತರ: ಈಗ ಇರುವುದನ್ನೇ ಕಿವಿಗೆ ಸರಿಯಾಗಿ ಕೂರುವಂತೆ ಹಾಕಿಕೊಂಡು, ಫೋನಿನಲ್ಲಿ ‘ಬೇಸ್ ಬೂಸ್ಟ್’ ಆನ್ ಆಗಿದ್ದರೆ ಮೊದಲು ಆಫ್ ಮಾಡಿ.

ಪ್ರಶ್ನೆ: ಹಾಡುಗಳನ್ನು 432 ಹರ್ಟ್ಸ್‌ಗೆ ಇಳಿಸಿ ಕೇಳಿದರೆ ಮನಸ್ಸಿಗೂ ದೇಹಕ್ಕೂ ಒಳ್ಳೆಯದೆಂದು ಒಬ್ಬರು ಶಿಬಿರ ನಡೆಸುತ್ತಿದ್ದಾರೆ. ಸೇರಬಹುದೇ?

ಉತ್ತರ: ಸೇರಬೇಡಿ. ವಾದ್ಯಗಳನ್ನು ಶ್ರುತಿ ಮಾಡುವ ವಾಡಿಕೆಯ ಅಳತೆಯಾದ 440ರಿಂದ 432ಕ್ಕೆ ಇಳಿಸುವುದೆಂದರೆ ಇಡೀ ಹಾಡನ್ನು ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರದ ಸುಮಾರು ಮೂರನೇ ಒಂದು ಭಾಗದಷ್ಟು ಕೆಳಗೆ ತಳ್ಳುವುದು, ಅಷ್ಟೇ. ನಮ್ಮ ಕಡೆ ಹಾಡುವವರು ತಮ್ಮ ಗಂಟಲಿಗೆ ಹೊಂದುವ ಶ್ರುತಿಯನ್ನು ತಾವೇ ಇಟ್ಟುಕೊಳ್ಳುವ ಪದ್ಧತಿ ತಲೆತಲಾಂತರದಿಂದ ಬಂದಿರುವಾಗ, ಯಾವುದೋ ಒಂದು ಸಂಖ್ಯೆಯಲ್ಲಿ ಆರೋಗ್ಯವಿದೆ ಎಂದು ಹೇಳಿ ದುಡ್ಡು ವಸೂಲು ಮಾಡುವವರನ್ನು ವಂಚಕರೆನ್ನದೆ ಬೇರೇನೆನ್ನಲಿ? ಅದರ ಮೇಲೆ, ಯಂತ್ರದಿಂದ ಒರಟಾಗಿ ಶ್ರುತಿ ಇಳಿಸಿದ ಫೈಲಿನಲ್ಲಿ ಗಾಯಕರ ದನಿ ನೆಗಡಿಯಾದಂತೆ ಕೇಳುತ್ತದೆ.

ಪ್ರಶ್ನೆ: ‘ಥಗ್ ಲೈಫ್’ ಚಿತ್ರದ ‘ಮುತ್ತ ಮಳೈ’ ಹಾಡನ್ನು ತಮಿಳಿನಲ್ಲಿ ಧೀ ಹಾಡಿದ್ದಾರೆ. ಆದರೆ ಧ್ವನಿಸುರುಳಿ ಬಿಡುಗಡೆಯ ವೇದಿಕೆಯಲ್ಲಿ ಚಿನ್ಮಯಿ ಹಾಡಿದ್ದು ಎಷ್ಟೋ ಪಾಲು ಚೆನ್ನಾಗಿದೆ. ಎ.ಆರ್. ರೆಹಮಾನ್ ಅವರು ಗಾಯಕಿಯನ್ನು ಆರಿಸುವುದರಲ್ಲಿ ತಪ್ಪಿದರೇ?

ಉತ್ತರ: 2025ರ ಮೇ ತಿಂಗಳಿನಿಂದ ನನ್ನನ್ನು ಅತಿಹೆಚ್ಚು ಕಾಡಿರುವ ಪ್ರಶ್ನೆ ಇದು. ಕನ್ನಡಿಗರಿಗೆ ಆ ವೇದಿಕೆ ಬೇರೊಂದು ಕಾರಣಕ್ಕೂ ನೆನಪಿರುತ್ತದೆ. ಅಲ್ಲಿ ಕಮಲ್ ಹಾಸನ್ ಕನ್ನಡದ ಹುಟ್ಟಿನ ಬಗ್ಗೆ ಆಡಿದ ಮಾತು ವಿವಾದವಾಗಿ, ಜೂನ್ 5ರಂದು ಚಿತ್ರ ಬೇರೆಡೆ ತೆರೆಕಂಡಾಗ ಕರ್ನಾಟಕದಲ್ಲಿ ತೆರೆಕಾಣಲಿಲ್ಲ. ಚಿತ್ರ ಬರದಿದ್ದರೂ ಹಾಡು ಮಾತ್ರ ಎಲ್ಲರ ಫೋನಿಗೂ ಬಂತು, ಜೊತೆಗೆ ಈ ಪ್ರಶ್ನೆಯೂ ಬಂತು.

ನೀವು ಹೋಲಿಸುತ್ತಿರುವುದು ಇಬ್ಬರು ಗಾಯಕಿಯರನ್ನಲ್ಲ, ಎರಡು ಬೇರೆಬೇರೆ ಕೆಲಸಗಳನ್ನು. ಚಿನ್ಮಯಿ ಈ ಹಾಡಿನ ತೆಲುಗು ಮತ್ತು ಹಿಂದಿ ಅವತರಣಿಕೆಗಳ ಗಾಯಕಿ, ಆದ್ದರಿಂದ ವೇದಿಕೆ ಹತ್ತುವ ಹೊತ್ತಿಗೆ ಆ ಧಾಟಿ ಅವರ ಗಂಟಲಿನಲ್ಲಿ ಪಳಗಿತ್ತು. ಸ್ಟುಡಿಯೊದಲ್ಲಿ ಆಗುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ನಾನು ಕಂಡಂತೆ ಹೆಚ್ಚಿನ ಗಾಯಕರು ಹಾಡನ್ನು ಕಲಿಯುವುದೂ ಅದೇ ದಿನ, ಹಾಡುವುದೂ ಅದೇ ದಿನ. ಅದೂ ಸಾಲು ಸಾಲಾಗಿ, ಒಂದೊಂದು ಸಾಲಿಗೆ ಐದಾರು ಟೇಕ್ ತೆಗೆದು, ಆಮೇಲೆ ಒಳ್ಳೆಯ ತುಣುಕುಗಳನ್ನು ಆಯ್ದು ಜೋಡಿಸಲಾಗುತ್ತದೆ. ವೇದಿಕೆಯಲ್ಲಿ ಒಂದೇ ಓಟಕ್ಕೆ ಹಾಡುವವರು ಹಿಂದಿನ ಸಾಲಿನ ಬಿಸಿಯನ್ನು ಮುಂದಿನ ಸಾಲಿಗೆ ಕೊಂಡೊಯ್ಯುತ್ತಾರೆ, ಸುತ್ತಲಿನ ವಾದಕರು ಅವರ ಉಸಿರು ನೋಡಿ ನುಡಿಸುತ್ತಾರೆ, ಕೇಳುವವರಿಗೆ ಮುಖವೂ ಕಾಣುತ್ತಿರುತ್ತದೆ. 2018ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧದ ಮೀ ಟೂ ಅಭಿಯಾನದ ಸಂದರ್ಭದಲ್ಲಿ ದನಿ ಎತ್ತಿದ ನಂತರ ತಮಿಳು ಹಾಡುಗಳಲ್ಲಿ ಚಿನ್ಮಯಿ ಅವರ ಕಂಠ ಅಪರೂಪವಾಗಿತ್ತೆಂಬುದು ಆ ಸಭೆಗೂ ಗೊತ್ತಿತ್ತು. ಜನ ಅಂದು ಕೇಳಿದ್ದರಲ್ಲಿ ಆ ಅರಿವೂ ಸೇರಿಕೊಂಡಿತ್ತು. ಅದನ್ನು ಸ್ಟುಡಿಯೊದ ಮೈಕ್ ಹಿಡಿದಿಡಲಾರದು.

ಇಷ್ಟನ್ನು ಪಕ್ಕಕ್ಕಿಟ್ಟು ದನಿಗಳಿಗೆ ಬರೋಣ. ಧೀ ಅವರದು ಕೆಳಸ್ತರದಲ್ಲಿ ತುಂಬಿಕೊಂಡಿರುವ, ಅಂಚುಗಳು ಸ್ವಲ್ಪ ಮಸುಕಾಗಿರುವ, ಮೈಕಿಗೆ ತೀರ ಹತ್ತಿರದಿಂದ ಆಡಿದಂತಿರುವ ಕಂಠ. ಚಿನ್ಮಯಿ ಅವರದು ಬೆಳಕುಳ್ಳದ್ದು, ಅಕ್ಷರಗಳು ಕತ್ತರಿಸಿಟ್ಟಂತೆ ಬೀಳುವಂಥದ್ದು, ಸಣ್ಣ ಬಿರ್ಕಾಗಳು, ಅಂದರೆ ವೇಗದ ಸ್ವರಗಳ ಗೊಂಚಲುಗಳು, ಸಲೀಸಾಗಿ ಹರಿಯುವಂಥದ್ದು. ವಾದ್ಯಸಂಯೋಜಕನಿಗೆ ಇವೆರಡೂ ಬೇರೆಬೇರೆ ವಾದ್ಯಗಳೇ ಸರಿ. ವೀಣೆಗೆ ಬರೆದದ್ದನ್ನು ಕೊಳಲಿಗೆ ಹಾಗೆಯೇ ಕೊಡಲಾಗದಷ್ಟು ಬೇರೆ. ಮಾತಿನ ಅಕ್ಷರಗಳು ಸ್ಪಷ್ಟವಾಗಿ ಕೇಳುವುದು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಆಸುಪಾಸಿನಲ್ಲಿ. ಮಸುಕು ಕಂಠದ ಸುತ್ತ ಆ ಜಾಗದಲ್ಲಿ ಪಿಟೀಲುಗಳನ್ನೂ ಗಿಟಾರ್ ಮೀಟನ್ನೂ ಶೇಕರನ್ನೂ ತುಂಬಿದರೆ ಹಾಡುವವರ ಮಾತು ಮುಳುಗಿಹೋಗುತ್ತದೆ, ಆದ್ದರಿಂದ ಸಂಯೋಜಕ ಅಲ್ಲಿ ಜಾಗ ಬಿಡಬೇಕು, ವಾದ್ಯಗಳನ್ನು ಕಂಠದ ಕೆಳಗೋ ಬಹಳ ಮೇಲಕ್ಕೋ ಸರಿಸಬೇಕು. ಬೆಳಕುಳ್ಳ ಕಂಠಕ್ಕೆ ಆ ಉಪಚಾರ ಬೇಕಿಲ್ಲ, ಅದು ಸಂದಣಿಯನ್ನು ಸೀಳಿಕೊಂಡು ಬರುತ್ತದೆ. ಹಾಗೆಂದ ಮೇಲೆ, ಒಂದು ಕಂಠಕ್ಕಾಗಿ ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿ ಯಾರಿಗೆ ಚಂದ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಉಚ್ಚಾರಣೆಯ ಮಾತು ಬಂದದ್ದರಿಂದ ಒಂದು ಅಕ್ಷರವನ್ನು ಹತ್ತಿರದಿಂದ ನೋಡಿ. ಹಾಡಿನ ಹೆಸರಿನಲ್ಲಿ ನಾವು ‘ಮಳೈ’ ಎಂದು ಬರೆಯುವಲ್ಲಿ ತಮಿಳಿನವರು ಹೇಳುವುದು ಳಕಾರವಲ್ಲ, ನಾಲಗೆಯನ್ನು ಹಿಂದಕ್ಕೆ ಮಡಿಸಿ ಎಲ್ಲಿಯೂ ತಗಲಿಸದೆ ಹೊರಡಿಸುವ ೞಕಾರ. ಹಳಗನ್ನಡದ ‘ಮೞೆ’ಯಲ್ಲೂ ಅದೇ ಅಕ್ಷರವಿತ್ತು, ನಾವು ಅದನ್ನು ಕಳೆದುಕೊಂಡು ‘ಮಳೆ’ ಮಾಡಿಕೊಂಡೆವು, ಅವರು ಉಳಿಸಿಕೊಂಡರು. ಳಕಾರದಲ್ಲಿ ನಾಲಗೆ ಅಂಗುಳಿಗೆ ತಗಲಿ ಸ್ವರ ಒಂದು ಕ್ಷಣ ತಡೆದಂತಾಗುತ್ತದೆ, ೞಕಾರದಲ್ಲಿ ಸ್ವರ ತಡೆಯಿಲ್ಲದೆ ಜಾರಿಕೊಂಡು ಹೋಗುತ್ತದೆ. ನಿಧಾನಗತಿಯ ಹಾಡಿನಲ್ಲಿ ಈ ಜಾರುವಿಕೆಯೇ ಒಂದು ಸಂಗತಿಯಷ್ಟು, ಅಂದರೆ ಸಾಲನ್ನು ಹೊಸ ತಿರುವು ಕೊಟ್ಟು ಮತ್ತೆ ಹಾಡಿದಷ್ಟು, ಕೆಲಸ ಮಾಡುತ್ತದೆ. ಇಬ್ಬರೂ ಆ ಅಕ್ಷರವನ್ನು ಹೇಗೆ ಹಾಯುತ್ತಾರೆಂದು ಹಾಡಿನ ಹೆಸರು ಬರುವ ಮೂವತ್ತು ಸೆಕೆಂಡನ್ನು ಮೂರು ಸಲ ಹಾಕಿಕೊಂಡು ಕೇಳಿ: ಮೊದಲ ಸಲ ಅಕ್ಷರಗಳನ್ನಷ್ಟೇ, ಎರಡನೆಯ ಸಲ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂಬುದನ್ನಷ್ಟೇ, ಮೂರನೆಯ ಸಲ ಕಂಠ ನಿಂತ ಕೂಡಲೇ ಯಾವ ವಾದ್ಯ ತಲೆ ಎತ್ತುತ್ತದೆಂಬುದನ್ನಷ್ಟೇ. ನನ್ನ ವಿದ್ಯಾರ್ಥಿಗಳಿಗೆ ಮೊದಲ ತಿಂಗಳು ಇದನ್ನು ಬಿಟ್ಟು ಬೇರೇನೂ ಮಾಡಿಸುವುದಿಲ್ಲ, ಅರ್ಧದಷ್ಟು ಮಂದಿ ಅಷ್ಟರಲ್ಲೇ ಬಿಟ್ಟು ಹೋಗುತ್ತಾರೆ.

ನನ್ನ ಆಯ್ಕೆ ಕೇಳುವಿರಾದರೆ, ಧಾಟಿಯ ತಿರುವುಗಳನ್ನು ಬಿಡಿಸಿ ನೋಡಬೇಕೆನಿಸಿದಾಗ ವೇದಿಕೆಯದನ್ನು ಕೇಳುತ್ತೇನೆ, ರಾತ್ರಿ ದೀಪ ಆರಿಸಿದ ಮೇಲೆ ಧೀ ಅವರದನ್ನು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಬಯ್ದು ಬರೆಯುವ ಪತ್ರಗಳನ್ನು ಮುಂದೆ ಓದುವುದಿಲ್ಲ.

ಪ್ರಶ್ನೆ: ಆಟೋಟ್ಯೂನ್ ಇರುವಾಗ ಯಾರು ಬೇಕಾದರೂ ಹಾಡಬಹುದಲ್ಲವೇ?

ಉತ್ತರ: ಹಾಗಿದ್ದರೆ ನೀವೂ ಇಷ್ಟರಲ್ಲಿ ಹಾಡಿರುತ್ತಿದ್ದಿರಿ. 1997ರಲ್ಲಿ ಬಂದ ಆ ತಂತ್ರಾಂಶ ಸ್ವರವನ್ನು ಅದರ ಸ್ಥಾನಕ್ಕೆ ಎಳೆದು ಕೂರಿಸಬಲ್ಲದೇ ಹೊರತು ಉಸಿರನ್ನೂ ಉಚ್ಚಾರಣೆಯನ್ನೂ ದನಿಯ ಬಣ್ಣವನ್ನೂ ಕೊಡಲಾರದು. ಅದು ಮಾಡುವ ಹಾನಿ ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ತೋಡಿ ರಾಗದ ಛಾಯೆಯಿದ್ದ ಒಂದು ಸಾಲಿಗೆ ತಿದ್ದುವ ವೇಗವನ್ನು ಪೂರ್ತಿ ಏರಿಸಿಬಿಟ್ಟಿದ್ದೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡುತ್ತದೆ. ಪರದೆಯ ಮೇಲೆ ಅಲೆಯಂತೆ ಇರಬೇಕಿದ್ದ ಗೆರೆ ಮೆಟ್ಟಿಲಾಗಿತ್ತು. ಹಾಡಿದ ಹಿರಿಯರು ಅದನ್ನು ಕೇಳಿ, ಬಯ್ಯದೆ, “ಇದನ್ನು ಹಾಡಿದ್ದು ಯಾರಪ್ಪಾ?” ಎಂದಷ್ಟೇ ಕೇಳಿದರು. ಅಂದಿನಿಂದ ಗಮಕವಿರುವ, ಅಂದರೆ ಸ್ವರ ಹೀಗೆ ತೂಗಾಡುವ, ಸಾಲುಗಳನ್ನು ಕೈಯಿಂದಲೇ, ಒಂದೊಂದೇ ಸ್ವರವಾಗಿ ತಿದ್ದುತ್ತೇನೆ, ಇಲ್ಲವೇ ಹಾಗೆಯೇ ಬಿಡುತ್ತೇನೆ.

ಪ್ರಶ್ನೆ: ಇಳಯರಾಜ ಅವರ ಕಾಲದ ಬೇಸ್ ಗಿಟಾರ್ ಈಗೆಲ್ಲಿ? ಈಗ ಎಲ್ಲವೂ ಕಂಪ್ಯೂಟರ್, ವಾದ್ಯಗಳೇ ಇಲ್ಲವಲ್ಲ?

ಉತ್ತರ: 1976ರಲ್ಲಿ ಮೊದಲ ಚಿತ್ರ ಮಾಡಿದ ಇಳಯರಾಜ ಪ್ರತಿಯೊಬ್ಬ ವಾದಕನಿಗೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ಕೊಟ್ಟು ಎಲ್ಲರನ್ನೂ ಒಟ್ಟಿಗೆ ನುಡಿಸಿದವರು ಎಂಬುದು ನಿಜ. ಆದರೆ 1992ರಲ್ಲಿ ರೆಹಮಾನ್ ಅವರ ‘ರೋಜಾ’ ಬಂದಾಗಲೇ ತಮಿಳು ಹಾಡಿಗೆ ಕಂಪ್ಯೂಟರ್ ಬಂದಾಗಿತ್ತು. ಮೂವತ್ತು ವರ್ಷ ದಾಟಿದ್ದನ್ನು ‘ಈಗ’ ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ಬೇಸ್ ಎಲ್ಲಿ ಎಂದು ಕೇಳಿದ ಮೂವರನ್ನು ಯಾವುದರಲ್ಲಿ ಕೇಳುತ್ತೀರಿ ಎಂದು ವಿಚಾರಿಸಿದೆ, ಮೂವರೂ ಫೋನಿನ ಸ್ಪೀಕರ್ ಎಂದರು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಬೆರಳ ತುದಿಯಷ್ಟಿರುವ ಸ್ಪೀಕರಿನಿಂದ ಅದು ಹೊರಡುವುದೇ ಇಲ್ಲ, ಅದರ ಮೇಲಿನ ಅನುಸ್ವರಗಳನ್ನು ಹಿಡಿದು ಮಿದುಳು ಊಹಿಸಿಕೊಳ್ಳುತ್ತದೆ, ಅಷ್ಟೇ.

ಇನ್ನು ವಾದ್ಯಗಳ ವಿಷಯ. ಕುತ್ತು ಎನ್ನುವ ಅಬ್ಬರದ ಕುಣಿತದ ಹಾಡುಗಳಲ್ಲಿ ಕೇಳುವ ಉರುಮಿ ನಮ್ಮ ಉರುಮೆಯೇ. ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿ ಆ ಹೂಂಕಾರ ಹುಟ್ಟಿಸುತ್ತಾರೆ. ಅದು ವಾದಕನ ಕೈಯದೋ ಮೊದಲೇ ಮುದ್ರಿಸಿಟ್ಟ ಕಂಪ್ಯೂಟರಿನ ತುಣುಕೋ ಎಂಬುದನ್ನು ಅಲ್ಲಿಯೇ ಹಿಡಿಯಬಹುದು. ತುಣುಕಾಗಿದ್ದರೆ ಪ್ರತಿ ಹೂಂಕಾರವೂ ಅಷ್ಟೇ ಉದ್ದ, ಅಷ್ಟೇ ಏರಿಳಿತ. ಕೈಯದಾಗಿದ್ದರೆ ಚರಣ ಮುಗಿದು ಪಲ್ಲವಿಗೆ ಮರಳುವ ತಿರುವಿನಲ್ಲಿ ಉಜ್ಜುವಿಕೆ ತುಸು ಉದ್ದವಾಗುತ್ತದೆ, ಏಕೆಂದರೆ ವಾದಕನೂ ಹಾಡು ಕೇಳುತ್ತಿರುತ್ತಾನೆ. ಹೊಸ ಹಾಡುಗಳಲ್ಲಿ ಎರಡೂ ಇವೆ, ಹಲವು ಸಲ ಒಂದರ ಮೇಲೊಂದಾಗಿ ಇವೆ.

ಪ್ರಶ್ನೆ: ತೀರಿಕೊಂಡವರ ದನಿಯನ್ನೂ ಎಐ ಹಾಡಿಸುತ್ತಿದೆ. ಇನ್ನು ಗಾಯಕರು ಬೇಕೇ?

ಉತ್ತರ: ‘ಲಾಲ್ ಸಲಾಂ’ ಚಿತ್ರಕ್ಕೆ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಹೀಗೆ ಬಳಸಿಕೊಂಡಾಗ, ಅವರ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟಿರುವುದಾಗಿ ರೆಹಮಾನ್ ತಿಳಿಸಿದ್ದರು. ಒಪ್ಪಿಗೆಯಿಲ್ಲದೆ ಮಾಡುವವರ ಹಾಡನ್ನು ನಾನಂತೂ ಕೇಳುವುದಿಲ್ಲ. ಈ ಬಗೆಯ ದನಿ ಬದಲಾವಣೆಯಲ್ಲಿ ಯಂತ್ರಕ್ಕೆ ಮೊದಲು ಒಬ್ಬ ಜೀವಂತ ಗಾಯಕ ಪೂರ್ತಿ ಹಾಡಿ ಕೊಡಬೇಕು. ಉಸಿರು, ಗಮಕ, ಅಕ್ಷರ ಎಲ್ಲವೂ ಅವನವು, ಬಣ್ಣವೊಂದು ಮಾತ್ರ ಬೇರೆಯವರದು. ಅವನಿಗೆ ಎಷ್ಟು ಕೊಟ್ಟರೆಂದು, ಹಾಡಿನ ಕೆಳಗೆ ಅವನ ಹೆಸರು ಹಾಕಿದರೋ ಇಲ್ಲವೋ ಎಂದು ಇದುವರೆಗೆ ಒಬ್ಬ ಓದುಗರೂ ನನ್ನನ್ನು ಕೇಳಿಲ್ಲ.