ಕೋಳಿ ಫೀಡಿನಲ್ಲಿ ಸಾರಭೂತ ತೈಲ: ಎಷ್ಟು ಹಾಕಬೇಕು, ಎಲ್ಲಿ ಕೈಕೊಡುತ್ತದೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಬೆಳವಣಿಗೆಗೆಂದು ಫೀಡಿನಲ್ಲಿ ಹಾಕುತ್ತಿದ್ದ ಆ್ಯಂಟಿಬಯೋಟಿಕ್ ನಿಲ್ಲಿಸಿದ್ದೇವೆ. ಅದರ ಜಾಗಕ್ಕೆ ಒರೆಗಾನೊ ತೈಲ ಹಾಕಿದರೆ ಸಾಕೇ? ಕರುಳಿನಲ್ಲಿ ಅದು ನಿಜಕ್ಕೂ ಏನು ಮಾಡುತ್ತದೆ?

ಉತ್ತರ: ಅದೇ ಕೆಲಸ ಮಾಡುತ್ತದೆ ಎಂದು ನಂಬಿ ಹಾಕಿದರೆ ನಿರಾಸೆಯೇ ಗತಿ. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಬಳಸುವುದನ್ನು ನಿಷೇಧಿಸಿದ ಮೇಲೆ ಒರೆಗಾನೊದಂಥ ಗಿಡಗಳಿಂದ ತೆಗೆದ, ಸುವಾಸನೆಯ ಈ ಸಾರಭೂತ ತೈಲಗಳಿಗೆ ಬೇಡಿಕೆ ಏರಿತು. ಜೊತೆಗೆ ಅತಿ ಭರವಸೆಗಳೂ ಬಂದವು.

ಒರೆಗಾನೊ ಮತ್ತು ಥೈಮ್‌ನಲ್ಲಿರುವ ಕಾರ್ವಕ್ರಾಲ್ ಮತ್ತು ಥೈಮಾಲ್, ಲವಂಗದ ಯೂಜೆನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್ ಇವು ಮುಖ್ಯ ಸಕ್ರಿಯ ಅಂಶಗಳು. ಇವೆಲ್ಲ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಕಾರ್ವಕ್ರಾಲ್, ಥೈಮಾಲ್‌ನಂಥವು ಬ್ಯಾಕ್ಟೀರಿಯಾದ ಪೊರೆಗೆ ನುಗ್ಗಿ ಅದನ್ನು ಸಡಿಲಗೊಳಿಸುತ್ತವೆ. ಒಳಗಿನ ಪೊಟ್ಯಾಷಿಯಂ ಮತ್ತು ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಹೊರಗೆ ಸೋರಿ ಬ್ಯಾಕ್ಟೀರಿಯಾ ಸೊರಗುತ್ತದೆ. ಹೊರಪೊರೆ ಇಲ್ಲದ ಗ್ರಾಮ್ ಪಾಸಿಟಿವ್ ಜಾತಿಗಳು, ಅಂದರೆ ಕೋಳಿಯ ಕರುಳಿಗೆ ರೋಗ ತರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥವು, ಇದಕ್ಕೆ ಬೇಗ ಮಣಿಯುತ್ತವೆ. ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಅಷ್ಟು ಸುಲಭವಾಗಿ ಮಣಿಯುವುದಿಲ್ಲ.

ಆದರೆ ಇದು ಪ್ರಯೋಗಾಲಯದ ತಟ್ಟೆಯಲ್ಲಿ ಕಾಣುವ ಫಲಿತಾಂಶ. ಅಲ್ಲಿ ಬೇಕಾಗುವ ಸಾಂದ್ರತೆ ಕರುಳಿನಲ್ಲಿ ಸಿಗುವುದು ಅಪರೂಪ. ಫೀಡಿನ ಕೊಬ್ಬು ಮತ್ತು ಪ್ರೋಟೀನು ತೈಲವನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಳಿದದ್ದರಲ್ಲಿ ಬಹುಪಾಲು ಸಣ್ಣ ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ. ಹಾಗಾಗಿ ಶೆಡ್ಡಿನಲ್ಲಿ ಕಾಣುವ ಲಾಭಕ್ಕೆ ರೋಗಾಣು ಸಾಯುವುದೊಂದೇ ಕಾರಣವಲ್ಲ. ಜೀರ್ಣಕಿಣ್ವಗಳ ಸ್ರಾವ ಹೆಚ್ಚುವುದು, ಕರುಳಿನ ಉರಿಯೂತ ತಗ್ಗುವುದು, ಜೀರ್ಣವಾಗದ ಪ್ರೋಟೀನು ಕೆಳಗಿಳಿದು ಕ್ಲಾಸ್ಟ್ರಿಡಿಯಂಗೆ ಆಹಾರವಾಗುವುದು ಕಡಿಮೆಯಾಗುವುದು, ಇವೂ ಸೇರಿ ಫಲ ಕೊಡುತ್ತವೆ.

ಸ್ವಚ್ಛ ಶೆಡ್, ಒಳ್ಳೆಯ ಮೆಕ್ಕೆಜೋಳ-ಸೋಯಾ ಫೀಡ್, ಆರೋಗ್ಯವಂತ ಮರಿ ಇದ್ದಲ್ಲಿ ತೈಲ ಹಾಕಿದರೂ ಬಿಟ್ಟರೂ ವ್ಯತ್ಯಾಸ ಕಾಣದಿರಬಹುದು. ಹಳೆಯ ಹಾಸು, ಕಿಕ್ಕಿರಿದ ಕೋಳಿ, ಕರುಳಿನಲ್ಲಿ ಅಂಟು ಹೆಚ್ಚಿಸುವ ಗೋಧಿ-ಬಾರ್ಲಿ ಫೀಡ್ ಇದ್ದಲ್ಲೇ ಪರಿಣಾಮ ಹೆಚ್ಚು.

ಪ್ರಶ್ನೆ: ಒಂದು ಟನ್‌ಗೆ ಎಷ್ಟು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಓಮದ ಪುಡಿ ಹಾಕಿದರೂ ನಡೆಯುತ್ತದೆ ಎನ್ನುತ್ತಾರಲ್ಲ?

ಉತ್ತರ: ಲೆಕ್ಕ ಬೇರೆ ಬೇರೆಯಾಗಿ ಕಾಣುವುದಕ್ಕೆ ಕಾರಣವಿದೆ. ಒಬ್ಬರು ಉತ್ಪನ್ನದ ತೂಕ ಹೇಳುತ್ತಾರೆ, ಇನ್ನೊಬ್ಬರು ಸಕ್ರಿಯ ಅಂಶದ ತೂಕ ಹೇಳುತ್ತಾರೆ. ಎಣಿಸಬೇಕಾದ್ದು ಸಕ್ರಿಯ ಅಂಶವನ್ನು. ಟನ್‌ಗೆ 50ರಿಂದ 150 ಗ್ರಾಂ ಸಕ್ರಿಯ ಅಂಶ ಎಂಬುದು ಸಾಮಾನ್ಯ ವ್ಯಾಪ್ತಿ. ಉತ್ಪನ್ನದಲ್ಲಿ ಶೇ 10ರಷ್ಟು ಸಕ್ರಿಯ ಅಂಶವಿದ್ದರೆ 100 ಗ್ರಾಂ ಬೇಕೆಂದಾಗ ಟನ್‌ಗೆ 1 ಕೆ.ಜಿ. ಉತ್ಪನ್ನ ಬೇಕು. ಶೇ 25 ಇದ್ದರೆ 400 ಗ್ರಾಂ ಸಾಕು. ಚೀಟಿಯ ಮೇಲೆ ಶೇಕಡಾವಾರು ನಮೂದಿಸದೆ ‘ಗಿಡಮೂಲಿಕೆ ಮಿಶ್ರಣ’ ಎಂದಷ್ಟೇ ಬರೆದಿದ್ದರೆ ಕೊಳ್ಳುವ ಮುನ್ನ ಯಾವ ಅಂಶ ಎಷ್ಟಿದೆ ಎಂದು ಅಳೆಯುವ ಗ್ಯಾಸ್ ಕ್ರೊಮಟೊಗ್ರಫಿ ಪರೀಕ್ಷೆಯ ವರದಿ ಕೇಳಿ. ಥೈಮ್ ಗಿಡವೊಂದರಲ್ಲೇ ಥೈಮಾಲ್ ಹೆಚ್ಚಿರುವ, ಕಾರ್ವಕ್ರಾಲ್ ಹೆಚ್ಚಿರುವ, ಎರಡೂ ಕಡಿಮೆಯಿದ್ದು ಲಿನಲೂಲ್ ತುಂಬಿರುವ ಬಗೆಗಳಿವೆ. ಹೆಸರು ಒಂದೇ ಆದರೂ ಕೆಲಸ ಬೇರೆ.

ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂಬ ಎಣಿಕೆಯೂ ತಪ್ಪು. ಪ್ರಮಾಣ ಮೀರಿದಾಗ ಕಟು ವಾಸನೆಗೆ ಕೋಳಿ ಫೀಡ್ ಮುಟ್ಟುವುದು ಕಡಿಮೆಯಾಗಿ ತೂಕ ಕುಸಿಯುತ್ತದೆ.

ಓಮದ ವಿಷಯಕ್ಕೆ ಬಂದರೆ, ಅದು ಥೈಮಾಲ್‌ನ ಒಳ್ಳೆಯ ಮೂಲವೇ. ಕಾಳಿನಲ್ಲಿ ಸುಮಾರು ಶೇ 2ರಿಂದ 4ರಷ್ಟು ತೈಲವಿರುತ್ತದೆ, ಅದರಲ್ಲಿ ಸರಿಸುಮಾರು ಅರ್ಧ ಥೈಮಾಲ್. ಶೇ 3 ತೈಲ, ಶೇ 50 ಥೈಮಾಲ್ ಎಂದುಕೊಂಡರೆ 1 ಕೆ.ಜಿ. ಪುಡಿಯಲ್ಲಿ 15 ಗ್ರಾಂ ಸಿಗುತ್ತದೆ. 100 ಗ್ರಾಂ ಬೇಕೆಂದರೆ ಟನ್‌ಗೆ 6ರಿಂದ 7 ಕೆ.ಜಿ. ಪುಡಿ ಬೇಕು. ಲವಂಗದಲ್ಲಿ ತೈಲ ಬಹಳ ಹೆಚ್ಚು, ಮೊಗ್ಗಿನಲ್ಲಿ ಶೇ 15ರ ಆಸುಪಾಸು. ಪುಡಿಯಲ್ಲಿ ಎರಡು ತೊಂದರೆ. ಹೊಸ ಚೀಲಕ್ಕೂ ಹಳೆಯ ಚೀಲಕ್ಕೂ ತೈಲದ ಅಂಶ ಬದಲಾಗುತ್ತದೆ. ಪುಡಿ ಮಾಡಿದ ದಿನದಿಂದಲೇ ಆವಿಯಾಗಲು ಶುರುವಾಗುತ್ತದೆ. ಪುಡಿಯನ್ನೇ ಬಳಸುವುದಾದರೆ ವಾರಕ್ಕೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ಪ್ರಶ್ನೆ: ಪೆಲೆಟ್ ಫೀಡಿಗೆ ದ್ರವ ತೈಲ ಸೇರಿಸಿದೆವು. ಗಿರಣಿಯೆಲ್ಲ ಘಮಘಮ. ಕೋಳಿಯಲ್ಲಿ ಮಾತ್ರ ಏನೂ ಬದಲಾವಣೆ ಇಲ್ಲ.

ಉತ್ತರ: ಆ ಘಮವೇ ನಿಮ್ಮ ನಷ್ಟ. ಪೆಲೆಟ್ ಮಾಡುವ ಮುನ್ನ ಕಂಡೀಷನರ್‌ನಲ್ಲಿ ಹಬೆಯೊಂದಿಗೆ 75ರಿಂದ 85 ಡಿಗ್ರಿ ಸೆಲ್ಸಿಯಸ್ ಶಾಖ ಬರುತ್ತದೆ. ಹೊದಿಕೆಯಿಲ್ಲದ ತೈಲದಲ್ಲಿ ದೊಡ್ಡ ಪಾಲು ಅಲ್ಲೇ ಹಾರಿಹೋಗುತ್ತದೆ. ಉಳಿದದ್ದೂ ಮೊದಲೇ ಹೇಳಿದಂತೆ ಮೇಲಿನ ಕರುಳಿನಲ್ಲೇ ಮುಗಿಯುತ್ತದೆ. ಕ್ಲಾಸ್ಟ್ರಿಡಿಯಂ ತೊಂದರೆ ಕೊಡುವ ಜಾಗಕ್ಕೆ ತಲುಪುವುದು ಅತ್ಯಲ್ಪ.

ಇದಕ್ಕಾಗಿಯೇ ಹೊದಿಕೆಯ ಕಣಗಳು ಬಂದಿವೆ. ಗಟ್ಟಿಯಾಗಿಸಿದ ಸಸ್ಯಜನ್ಯ ಕೊಬ್ಬಿನೊಳಗೆ ತೈಲವನ್ನು ಸೇರಿಸಿ ಸಣ್ಣ ಮಣಿಗಳಾಗಿ ಮಾಡಿರುತ್ತಾರೆ. ಕರುಳಿನ ಲೈಪೇಸ್ ಕಿಣ್ವ ಆ ಕೊಬ್ಬನ್ನು ಕರಗಿಸುತ್ತಾ ಹೋದಂತೆ ತೈಲ ನಿಧಾನವಾಗಿ ಹೊರಬರುತ್ತದೆ. ಇಲ್ಲೂ ಒಂದು ಎಚ್ಚರಿಕೆ: ಇಂಥ ಕೊಬ್ಬು ಸುಮಾರು 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ನಿಮ್ಮ ಗಿರಣಿಯ ಶಾಖದಲ್ಲಿ ಪೆಲೆಟ್ ಆದ ನಂತರ ಸಕ್ರಿಯ ಅಂಶ ಎಷ್ಟು ಉಳಿಯುತ್ತದೆ ಎಂಬ ಪರೀಕ್ಷೆಯ ಅಂಕಿಯನ್ನು ಮಾರುವವರಿಂದ ಲಿಖಿತವಾಗಿ ಪಡೆಯಿರಿ. ಹೊದಿಕೆಯ ಮಣಿಗಳನ್ನು ಹ್ಯಾಮರ್ ಮಿಲ್‌ಗೆ ಹಾಕಲೇಬೇಡಿ. ಮಣಿ ಒಡೆದರೆ ಹೊದಿಕೆಗೆ ಕೊಟ್ಟ ದುಡ್ಡು ದಂಡ.

ಬೆರೆಸುವ ಕ್ರಮವೂ ಮುಖ್ಯ. ಟನ್‌ಗೆ 500 ಗ್ರಾಂ ಹಾಕುವುದಾದರೆ ಮೊದಲು ಅದನ್ನು 5 ಕೆ.ಜಿ. ಮೆಕ್ಕೆಜೋಳದ ಪುಡಿಯಲ್ಲಿ ಬೆರೆಸಿ. ಆಮೇಲೆ ಅದನ್ನು 25–30 ಕೆ.ಜಿ.ಗೆ ಹಿಗ್ಗಿಸಿ, ಮಿಕ್ಸರ್‌ಗೆ ಅರ್ಧದಷ್ಟು ಧಾನ್ಯ ಬಿದ್ದ ಮೇಲೆ ಸುರಿಯಿರಿ. ಒಣ ಪದಾರ್ಥಗಳು 2–3 ನಿಮಿಷ ಬೆರೆತ ಬಳಿಕವಷ್ಟೇ ಅಡುಗೆ ಎಣ್ಣೆ ಅಥವಾ ಕೊಬ್ಬು ಸಿಂಪಡಿಸಿ. ಮೊದಲೇ ಸಿಂಪಡಿಸಿದರೆ ಪುಡಿ ಉಂಡೆಗಟ್ಟುತ್ತದೆ. ಅಡ್ಡ ರಿಬ್ಬನ್ ಮಿಕ್ಸರ್‌ಗೆ ಒಟ್ಟು 3–5 ನಿಮಿಷ ಸಾಕು. ನಿಲುವಿನ ಸ್ಕ್ರೂ ಮಿಕ್ಸರ್‌ಗೆ 12–15 ನಿಮಿಷ ಬೇಕು. ನೇರವಾಗಿ ಟನ್ ಫೀಡಿನ ಮೇಲೆ ಎರಚಿದ ಅರ್ಧ ಕೆ.ಜಿ. ಒಂದೆರಡು ಚೀಲದಲ್ಲಿ ಗುಂಪಾಗುತ್ತದೆ. ಆ ಚೀಲ ತಿಂದ ಕೋಳಿ ಫೀಡ್ ಬಿಡುತ್ತದೆ, ಮಿಕ್ಕವಕ್ಕೆ ಏನೂ ಸಿಗುವುದಿಲ್ಲ.

ಶುದ್ಧ ಥೈಮಾಲ್, ಕಾರ್ವಕ್ರಾಲ್ ಚರ್ಮ ಸುಡುತ್ತವೆ. ಸಿನ್ನಮಾಲ್ಡಿಹೈಡ್‌ನಿಂದ ಅಲರ್ಜಿ ಬರುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅಳತೆಗೆ ಗಾಜು ಅಥವಾ ಸ್ಟೀಲ್ ಪಾತ್ರೆಯೇ ಆಗಲಿ. ಥರ್ಮೊಕೋಲ್ ಲೋಟವನ್ನು ಲವಂಗದ ಎಣ್ಣೆ ಕರಗಿಸಿಬಿಡುತ್ತದೆ.

ಪ್ರಶ್ನೆ: ಫೀಡ್ ಹೊರಗಿನಿಂದ ತರಿಸುತ್ತೇವೆ, ಹಾಗಾಗಿ ನೀರಿನಲ್ಲಿ ಕೊಟ್ಟೆವು. ನಾಲ್ಕೇ ದಿನಕ್ಕೆ ಕೋಳಿ ನೀರು ಕುಡಿಯುವ ನಿಪ್ಪಲ್‌ಗಳು ಕಟ್ಟಿಕೊಂಡವು.

ಉತ್ತರ: ಬರಿ ತೈಲ ನೀರಿನಲ್ಲಿ ಬೆರೆಯುವುದಿಲ್ಲ. ಟ್ಯಾಂಕಿನ ಮೇಲೆ ತೇಲಿ, ಪೈಪಿನ ಗೋಡೆಗೂ ನಿಪ್ಪಲ್‌ನ ರಬ್ಬರಿಗೂ ಅಂಟುತ್ತದೆ, ರಬ್ಬರ್ ಉಬ್ಬುತ್ತದೆ. ನೀರಿಗೆಂದೇ ತಯಾರಿಸಿದ, ಎಮಲ್ಸಿಫೈಯರ್ ಇರುವ ಉತ್ಪನ್ನವನ್ನಷ್ಟೇ ಬಳಸಿ. ಒಂದು ಗಾಜಿನ ಜಾಡಿಯಲ್ಲಿ ನಿಮ್ಮ ಬಾವಿಯ ನೀರಿಗೇ ಬೆರೆಸಿ 24 ಗಂಟೆ ಬಿಡಿ. ಮೇಲೆ ಎಣ್ಣೆಯ ಉಂಗುರ ಕಂಡರೆ ಅದು ನಿಮ್ಮ ಪೈಪಿಗೆ ಬೇಡ. ಗಡಸು ನೀರಿನಲ್ಲಿ ಕೆಲವು ಮಿಶ್ರಣಗಳು ಒಡೆಯುತ್ತವೆ, ಹಾಗಾಗಿ ಕುಡಿಸುವ ನೀರಿನಲ್ಲೇ ಪರೀಕ್ಷಿಸಬೇಕು.

ಪ್ರಮಾಣದ ಲೆಕ್ಕ: ಕೋಳಿ ತಿಂದ ಫೀಡಿನ ಸುಮಾರು ಎರಡು ಪಟ್ಟು ನೀರು ಕುಡಿಯುತ್ತದೆ. ಫೀಡಿನಲ್ಲಿ ಕೆ.ಜಿ.ಗೆ 100 ಮಿ.ಗ್ರಾಂ ಕೊಡುವಂತಿದ್ದರೆ ನೀರಿನಲ್ಲಿ ಲೀಟರ್‌ಗೆ 50 ಮಿ.ಗ್ರಾಂ ಸಾಕು. ಬಿಸಿಲು ಏರಿದಾಗ ನೀರು ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಆಗ ಅದೇ ಸಾಂದ್ರತೆ ಮುಂದುವರಿಸಿದರೆ ಕೋಳಿಗೆ ಒಂದೂವರೆ ಪಟ್ಟು ಔಷಧ ಹೋದಂತೆ. ನೀರಿನ ಮೀಟರ್ ನೋಡಿ ಕಡಿಮೆ ಮಾಡಿ.

ದ್ರಾವಣವನ್ನು ದಿನಾ ಹೊಸದಾಗಿ ಮಾಡಿ. ಕೊಟ್ಟು ಮುಗಿದ ದಿನ ಒತ್ತಡದ ನೀರಿನಿಂದ ಲೈನ್ ತೊಳೆಯಿರಿ. ಇಂಥ ದ್ರಾವಣಗಳಲ್ಲಿರುವ ಗ್ಲಿಸರಾಲ್, ಪ್ರೊಪಿಲಿನ್ ಗ್ಲೈಕಾಲ್ ಪೈಪಿನೊಳಗೆ ಬೆಳೆಯುವ ಲೋಳೆಗೆ ಆಹಾರ. ಕರುಳಿಗೆಂದು ಕೊಟ್ಟದ್ದು ಪೈಪಿನ ಲೋಳೆಯನ್ನು ಬೆಳೆಸಿದರೆ ಕಟ್ಟಿಕೊಂಡ ನಿಪ್ಪಲ್‌ಗಿಂತ ದೊಡ್ಡ ತಲೆನೋವು. ನೀರಿನಲ್ಲಿ ಜೀವಂತ ಲಸಿಕೆ ಕೊಡುವುದಿದ್ದರೆ ಹಿಂದಿನ ದಿನವೇ ತೈಲ ನಿಲ್ಲಿಸಿ, ಲೈನ್ ತೊಳೆಯಿರಿ. ಲಸಿಕೆಯ ಮರುದಿನದವರೆಗೂ ಹಾಕಬೇಡಿ. ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಯ ಜೀವಂತ ಲಸಿಕೆ ಬಳಸಿದ್ದರೆ ಲಸಿಕೆ ತಯಾರಕರನ್ನು ಕೇಳದೆ ಮುಂದುವರಿಯಬೇಡಿ, ಏಕೆಂದರೆ ಆ ಲಸಿಕೆಯ ಪರೋಪಜೀವಿ ಕರುಳಿನಲ್ಲಿ ಬೆಳೆದು ಹಾಸಿನ ಮೂಲಕ ಮತ್ತೆ ಒಳಹೋದರೆ ಮಾತ್ರ ರಕ್ಷಣೆ ಗಟ್ಟಿಯಾಗುತ್ತದೆ.

ಪ್ರಶ್ನೆ: 20 ದಿನ ದಾಟಿದ ಬ್ರಾಯ್ಲರ್. ಹಿಕ್ಕೆ ತೆಳು, ಹಾಸು ಒದ್ದೆ, ತಿಂದ ಫೀಡ್ ಹಾಗೆಯೇ ಬೀಳುತ್ತಿದೆ. ತೈಲ ಈಗ ಶುರು ಮಾಡಬಹುದೇ?

ಉತ್ತರ: ಮೊದಲು ಕಾರಣ ಹುಡುಕಿ. ಸೋರುವ ನಿಪ್ಪಲ್, ಫೀಡಿನಲ್ಲಿ ಉಪ್ಪು ಹೆಚ್ಚು, ಕಮಟಿದ ಎಣ್ಣೆ, ಗಾಳಿಯಾಡದ ಶೆಡ್ ಇವುಗಳಲ್ಲಿ ಯಾವುದಕ್ಕೂ ತೈಲ ಪರಿಹಾರವಲ್ಲ. ಹಾಸಿನ ತೇವ ಶೇ 20–25ರ ಒಳಗಿರಬೇಕು. ಹಿಡಿಯಲ್ಲಿ ಒತ್ತಿ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು.

ಆಮೇಲೆ ಈಗಷ್ಟೇ ಸತ್ತ ಅಥವಾ ಆರಿಸಿದ ಮೂರ‍್ನಾಲ್ಕು ಕೋಳಿಗಳನ್ನು ಪಶುವೈದ್ಯರಿಂದ ಕೊಯ್ಯಿಸಿ ಕರುಳು ನೋಡಿಸಿ. ಮೊದಲ ಭಾಗದಲ್ಲಿ ಏಣಿಯ ಮೆಟ್ಟಿಲಿನಂಥ ಬಿಳಿ ಗೆರೆಗಳಿದ್ದರೆ ಐಮೇರಿಯಾ ಅಸರ್ವುಲಿನಾ ಎಂಬ ಕಾಕ್ಸಿಡಿಯಾ. ನಡುಭಾಗದಲ್ಲಿ ಕಿತ್ತಳೆ ಬಣ್ಣದ ಲೋಳೆಯಿದ್ದರೆ ಅದೇ ಕುಲದ ಮ್ಯಾಕ್ಸಿಮಾದ ಅನುಮಾನ. ಕುರುಡು ಕರುಳಿನಲ್ಲಿ ರಕ್ತವಿದ್ದರೆ ಟೆನೆಲ್ಲಾ. ಸಣ್ಣ ಕರುಳು ಗಾಳಿ ತುಂಬಿ ಉಬ್ಬಿ, ಗೋಡೆ ತೆಳುವಾಗಿ, ಒಳಪದರ ಒರಟಾಗಿ ಸುಲಿಯುವಂತಿದ್ದರೆ ಕ್ಲಾಸ್ಟ್ರಿಡಿಯಂನಿಂದ ಬರುವ ನೆಕ್ರೋಟಿಕ್ ಎಂಟರೈಟಿಸ್. ರೋಗ ಕಾಣಿಸಿಕೊಂಡ ಮೇಲೆ ಇವೆಲ್ಲಕ್ಕೂ ಬೇಕಾದ್ದು ಚಿಕಿತ್ಸೆ. ತೈಲ ಹಾಕಿ ಎರಡು ದಿನ ಕಾಯುವ ಹೊತ್ತಿಗೆ ಸಾವು ಏರುತ್ತದೆ.

ಕಾಕ್ಸಿಡಿಯಾ ಮೊದಲು ಕರುಳನ್ನು ಗಾಯ ಮಾಡುತ್ತದೆ, ಆ ಗಾಯದಲ್ಲಿ ಸೋರುವ ಪ್ರೋಟೀನಿನ ಮೇಲೆ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ. ಆದ್ದರಿಂದ ತೈಲದ ಉಪಯೋಗ ಇರುವುದು ಮುಂಚೆಯೇ. ಮೊದಲ ದಿನದ ಸ್ಟಾರ್ಟರ್ ಫೀಡಿನಿಂದಲೇ ಕೊಟ್ಟು, ಅಪಾಯ ಹೆಚ್ಚಿರುವ ಎರಡರಿಂದ ನಾಲ್ಕನೇ ವಾರದಲ್ಲಿ ಬಿಡದೆ ಮುಂದುವರಿಸಬೇಕು. ಕಾಕ್ಸಿಡಿಯಾ ತಡೆಗೆ ಹಾಕುತ್ತಿರುವ ಮೊನೆನ್ಸಿನ್, ಸಾಲಿನೊಮೈಸಿನ್‌ನಂಥವನ್ನು ತೈಲದ ಭರವಸೆಯ ಮೇಲೆ ಕೈಬಿಡುವುದು ಜೂಜಾಟ.

ಪ್ರಶ್ನೆ: ಮೊಟ್ಟೆಗೆ ವಾಸನೆ ಹಿಡಿಯುವುದಿಲ್ಲವೇ? ಮೆಣಸಿನಕಾಯಿ ಸಾರ ಇರುವ ಮಿಶ್ರಣ ಕೋಳಿಗೆ ಖಾರವಾಗುವುದಿಲ್ಲವೇ?

ಉತ್ತರ: ಮೇಲಿನ ಪ್ರಮಾಣದಲ್ಲಿ ಮೊಟ್ಟೆಯ ರುಚಿ ಕೆಡುವುದಿಲ್ಲ. ಬೆಳ್ಳುಳ್ಳಿ ಹೆಚ್ಚಾದರೆ ಮಾತ್ರ ಅನುಮಾನ. ಖಾರವಂತೂ ಕೋಳಿಗೆ ತಟ್ಟುವುದೇ ಇಲ್ಲ. ಸಸ್ತನಿಗಳಲ್ಲಿ ಉರಿ ಹುಟ್ಟಿಸುವ ಗ್ರಾಹಕ ಪಕ್ಷಿಗಳಲ್ಲೂ ಇದೆ, ಆದರೆ ಅದು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಕಣ್ಣಲ್ಲಿ ನೀರು ಬರುವುದು ಮಿಕ್ಸರ್ ಪಕ್ಕ ನಿಂತವರಿಗೆ.

ಪ್ರಶ್ನೆ: ಖರ್ಚು ಮಾಡಿದ್ದಕ್ಕೆ ಲಾಭ ಬಂತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಹಿಂದಿನ ಬ್ಯಾಚಿಗೆ ಹೋಲಿಸಿ ತೀರ್ಮಾನಿಸಬೇಡಿ. ಮರಿ, ಹವೆ, ಫೀಡ್ ಎಲ್ಲ ಬದಲಾಗಿರುತ್ತವೆ. ಒಂದೇ ಶೆಡ್ಡನ್ನು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ತೈಲದ ಫೀಡ್ ಕೊಡಿ. ಮರಿಗಳನ್ನು ಚೆನ್ನಾಗಿ ಬೆರೆಸಿ ಹಂಚಿ. ಮೊದಲ ದಿನ, 21ನೇ ದಿನ ಮತ್ತು ಮಾರುವ ದಿನ ತೂಗಿ. ಮಧ್ಯದ ತೂಕಕ್ಕೆ ಒಂದು ಮೂಲೆಯಲ್ಲಿ ಪರದೆ ಕಟ್ಟಿ, ಒಳಗೆ ಸಿಕ್ಕ ಎಲ್ಲ ಕೋಳಿಗಳನ್ನೂ ತೂಗಿ. ಕೈಗೆ ಸಿಕ್ಕವನ್ನು ಹಿಡಿದರೆ ಮಂದಗತಿಯವೇ ಸಿಗುತ್ತವೆ. ಸತ್ತ ಕೋಳಿಯ ತೂಕವನ್ನೂ ಬರೆದಿಡಿ.

2 ಕೆ.ಜಿ. ಕೋಳಿ, ಒಂದು ಕೆ.ಜಿ. ತೂಕಕ್ಕೆ ತಿಂದ ಫೀಡಿನ ಅನುಪಾತ ಅಂದರೆ ಎಫ್‌ಸಿಆರ್ 1.60 ಎಂದರೆ ತಿಂದ ಫೀಡ್ 3.2 ಕೆ.ಜಿ. ತೈಲದಿಂದ ಅದು 1.57ಕ್ಕೆ ಇಳಿದರೆ ಒಂದು ಕೋಳಿಗೆ 60 ಗ್ರಾಂ ಫೀಡ್ ಉಳಿತಾಯ, ಅಂದರೆ ತಿಂದದ್ದರ ಶೇ 1.9ರಷ್ಟು. ಒಂದು ಟನ್ ಫೀಡಿಗೆ ಹಾಕಿದ ತೈಲದ ಬೆಲೆ ಆ ಟನ್‌ನ ಬೆಲೆಯ ಶೇ 1.9ಕ್ಕಿಂತ ಕಡಿಮೆಯಿದ್ದರೆ ಮಾತ್ರ ಕೈಗೆ ಏನಾದರೂ ಉಳಿಯುತ್ತದೆ. 0.03ರ ವ್ಯತ್ಯಾಸ ಎರಡು ಭಾಗಗಳ ನಡುವೆ ಏನೂ ಹಾಕದೆಯೂ ಬರಬಹುದು. ಕನಿಷ್ಠ ಮೂರು ಬ್ಯಾಚಿನಲ್ಲಿ, ಪ್ರತಿ ಸಲ ಭಾಗಗಳನ್ನು ಅದಲುಬದಲು ಮಾಡಿ ನೋಡಿ. ಮೂರರಲ್ಲೂ ಒಂದೇ ದಿಕ್ಕಿನ ಫಲಿತಾಂಶ ಬರದಿದ್ದರೆ ಆ ದುಡ್ಡನ್ನು ಹಾಸು ಮತ್ತು ಗಾಳಿಗೆ ಹಾಕುವುದೇ ಮೇಲು.